ರೋಗಹೊರೆಯನ್ನು ಅಳೆಯುವುದು ಹೇಗೆ: ಸಾವಿನ ದಾಖಲೆಯಿಂದ ಡ್ಯಾಲಿ ಲೆಕ್ಕದವರೆಗೆ

ಒಂದು ಪ್ರದೇಶದ ಜನರನ್ನು ಯಾವ ಕಾಯಿಲೆ ಹೆಚ್ಚು ಕಾಡುತ್ತಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಾವಿನ ಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತಾರೆ. ಆ ಉತ್ತರದಲ್ಲಿ ಎರಡು ದೊಡ್ಡ ಕೊರತೆಗಳಿವೆ. ಎರಡು ವರ್ಷದ ಮಗುವಿನ ಸಾವೂ ಎಂಬತ್ತೈದರ ವೃದ್ಧರ ಸಾವೂ ಅದರಲ್ಲಿ ಒಂದೊಂದೇ ಅಂಕಿ. ಇನ್ನು ಮೈಗ್ರೇನ್, ಖಿನ್ನತೆ, ಸೊಂಟನೋವು, ಕಿವುಡುತನಗಳು ಲಕ್ಷಾಂತರ ಜನರ ದಿನಗಳನ್ನು ಕಿತ್ತುಕೊಂಡರೂ ಸಾವಿನ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅಕಾಲ ಸಾವು ಮತ್ತು ಅನಾರೋಗ್ಯ ಎರಡನ್ನೂ ಒಂದೇ ಅಳತೆಗೆ ತರಲು 1990ರ ದಶಕದ ಆರಂಭದಲ್ಲಿ ಆರೋಗ್ಯ ಸಂಶೋಧಕರಾದ ಕ್ರಿಸ್ಟೋಫರ್ ಮರ್ರೆ ಮತ್ತು ಅಲನ್ ಲೋಪೆಜ್ ರೂಪಿಸಿದ ಮಾನವೇ ಡ್ಯಾಲಿ (DALY, ಅಂದರೆ ಅನಾರೋಗ್ಯವನ್ನೂ ಲೆಕ್ಕಕ್ಕೆ ಹಿಡಿದ ಜೀವನ ವರ್ಷ). ವಿಶ್ವ ಬ್ಯಾಂಕಿನ 1993ರ ಅಭಿವೃದ್ಧಿ ವರದಿಯ ಮೂಲಕ ಅದು ಜಗತ್ತಿಗೆ ಪರಿಚಯವಾಯಿತು.

ಡ್ಯಾಲಿಯ ನಾಣ್ಯ ಕಾಲ. ಒಂದು ಡ್ಯಾಲಿ ಎಂದರೆ ಆರೋಗ್ಯದ ಬದುಕಿನ ಒಂದು ವರ್ಷ ಕಳೆದುಹೋಯಿತು ಎಂದರ್ಥ. ಅದಕ್ಕೆ ಎರಡು ಭಾಗ:

ಡ್ಯಾಲಿ = ವೈಎಲ್‌ಎಲ್ + ವೈಎಲ್‌ಡಿ

ಅಕಾಲ ಮರಣದಿಂದ ಕಳೆದುಹೋದ ವರ್ಷಗಳು ವೈಎಲ್‌ಎಲ್. ಬದುಕಿದ್ದೂ ಅನಾರೋಗ್ಯದಲ್ಲಿ ಕಳೆದ ಕಾಲವನ್ನು ಅದರ ತೀವ್ರತೆಗೆ ತಕ್ಕಂತೆ ವರ್ಷಗಳಿಗೆ ಇಳಿಸಿದರೆ ವೈಎಲ್‌ಡಿ. ಸೂತ್ರ ಒಂದೇ ಸಾಲಿನದು. ಕೆಲಸದ ಬಹುಪಾಲು ಆ ಸಾಲಿಗೆ ಬರುವ ಮೊದಲೇ ನಡೆಯುತ್ತದೆ, ಫಲಿತಾಂಶವನ್ನು ಕೆಡಿಸುವ ತಪ್ಪುಗಳೂ ಅಲ್ಲೇ ಹುಟ್ಟುತ್ತವೆ. ಆದ್ದರಿಂದ ಈ ಮಾರ್ಗದರ್ಶಿ ಗುಣಾಕಾರಕ್ಕಿಂತ ಹೆಚ್ಚಾಗಿ ಗುಣಾಕಾರಕ್ಕೆ ಹಾಕುವ ಸಂಖ್ಯೆಗಳ ಬಗ್ಗೆ ಮಾತಾಡುತ್ತದೆ.

ಹಂತ 1: ಲೆಕ್ಕಕ್ಕೆ ಮೊದಲು ನಿರ್ಧಾರಗಳನ್ನು ಬರೆದಿಡಿ

ಯಾವ ಜನಸಂಖ್ಯೆ, ಯಾವ ವರ್ಷ, ಯಾವ ವಯೋಗುಂಪುಗಳು ಎಂಬುದನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆಯಿರಿ. ವಯೋಗುಂಪುಗಳಲ್ಲಿ ಹುಟ್ಟಿದ ಮೊದಲ 28 ದಿನ, 28 ದಿನದಿಂದ ಒಂದು ವರ್ಷ, 1–4, ಆಮೇಲೆ ಐದೈದು ವರ್ಷದ ಗುಂಪುಗಳು, ಇವೆಲ್ಲವೂ ಗಂಡು ಹೆಣ್ಣು ಪ್ರತ್ಯೇಕವಾಗಿ ಇರಬೇಕು. ಮಕ್ಕಳನ್ನೆಲ್ಲ ‘0–4’ ಎಂದು ಒಟ್ಟುಗೂಡಿಸಿದರೆ ನವಜಾತ ಶಿಶುಗಳ ಸಾವಿನ ಕಾರಣಗಳು ಉಳಿದ ಮಕ್ಕಳ ಕಾರಣಗಳೊಂದಿಗೆ ಕಲಸಿಹೋಗುತ್ತವೆ, ಅವೆರಡೂ ಬೇರೆಯೇ ಲೋಕಗಳು.

ಇದಲ್ಲದೆ ನಾಲ್ಕು ತಾಂತ್ರಿಕ ಆಯ್ಕೆಗಳನ್ನು ಮಾಡಬೇಕು: ಯಾವ ಆಯುಷ್ಯ ಕೋಷ್ಟಕವನ್ನು (ಪ್ರತಿ ವಯಸ್ಸಿನಲ್ಲಿ ಇನ್ನೆಷ್ಟು ವರ್ಷ ಬದುಕಬಹುದು ಎಂದು ತೋರಿಸುವ ಪಟ್ಟಿ) ಆದರ್ಶವೆಂದು ಇಟ್ಟುಕೊಳ್ಳುವುದು, ಮುಂದಿನ ವರ್ಷಗಳ ಬೆಲೆಯನ್ನು ಇಳಿಸುವುದೋ ಬೇಡವೋ, ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಬೆಲೆ ಕೊಡುವುದೋ ಬೇಡವೋ, ವೈಎಲ್‌ಡಿಯನ್ನು ಹೊಸ ಪ್ರಕರಣಗಳಿಂದ ಲೆಕ್ಕ ಹಾಕುವುದೋ ಈಗಿರುವ ಪ್ರಕರಣಗಳಿಂದ ಲೆಕ್ಕ ಹಾಕುವುದೋ. ಡ್ಯಾಲಿಯಿಂದ ಇಡೀ ಜಗತ್ತಿನ ರೋಗಹೊರೆಯನ್ನು ಅಳೆಯುವ ಜಾಗತಿಕ ರೋಗಹೊರೆ ಅಧ್ಯಯನದ 1990ರ ಆವೃತ್ತಿಯಲ್ಲಿ ವರ್ಷಕ್ಕೆ ಶೇ 3ರ ಇಳಿಕೆ ಇತ್ತು. ಯೌವನದ ವರ್ಷಗಳಿಗೆ ಹೆಚ್ಚು, ಬಾಲ್ಯ ಮತ್ತು ಮುಪ್ಪಿನ ವರ್ಷಗಳಿಗೆ ಕಡಿಮೆ ಬೆಲೆ ಕೊಡುವ ಪದ್ಧತಿಯೂ ಇತ್ತು. 2012ರ ಕೊನೆಯಲ್ಲಿ ಪ್ರಕಟವಾದ 2010ರ ಅಧ್ಯಯನ ಇವೆರಡನ್ನೂ ಕೈಬಿಟ್ಟಿತು, ಹಾಗೂ ವೈಎಲ್‌ಡಿಗೆ ಈಗಿರುವ ಪ್ರಕರಣಗಳನ್ನೇ ಆಧಾರ ಮಾಡಿಕೊಂಡಿತು. ಹೊಸದಾಗಿ ಶುರುಮಾಡುವವರು ಇದೇ ದಾರಿ ಹಿಡಿಯುವುದು ಒಳ್ಳೆಯದು. ಒಬ್ಬರ 20ನೇ ವರ್ಷ ಇನ್ನೊಬ್ಬರ 70ನೇ ವರ್ಷಕ್ಕಿಂತ ಹೆಚ್ಚು ಬೆಲೆಯದ್ದು ಎಂಬ ತೀರ್ಪನ್ನು ಅಂಕಿಅಂಶದೊಳಗೆ ಅಡಗಿಸಿಡಬೇಕಾದ ಅಗತ್ಯವಿಲ್ಲ.

ಹಂತ 2: ಕಾಯಿಲೆಗಳ ಪಟ್ಟಿ

ಪಟ್ಟಿಗೆ ಎರಡೇ ನಿಯಮ. ಒಂದು ಸಾವು ಒಂದೇ ಕಾರಣಕ್ಕೆ ಸೇರಬೇಕು, ಮತ್ತು ಯಾವ ಸಾವೂ ಹೊರಗೆ ಉಳಿಯಬಾರದು. ಮೇಲಿನ ಮಟ್ಟದಲ್ಲಿ ಮೂರು ಗುಂಪುಗಳು ರೂಢಿಯಲ್ಲಿವೆ: ಸಾಂಕ್ರಾಮಿಕ ರೋಗಗಳ ಜೊತೆಗೆ ತಾಯಿ, ನವಜಾತ ಶಿಶು ಮತ್ತು ಪೌಷ್ಟಿಕಾಂಶ ಕೊರತೆಗೆ ಸಂಬಂಧಿಸಿದವು ಒಂದು ಗುಂಪು; ಅಸಾಂಕ್ರಾಮಿಕ ರೋಗಗಳು ಎರಡನೆಯದು; ಗಾಯ ಮತ್ತು ಅಪಘಾತಗಳು ಮೂರನೆಯದು. ಕೆಳಗಿನ ಮಟ್ಟಗಳಲ್ಲಿ ಐಸಿಡಿ (ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ) ಸಂಕೇತಗಳನ್ನು ನಿಮ್ಮ ಪಟ್ಟಿಯ ಹೆಸರುಗಳಿಗೆ ಜೋಡಿಸಿದ ಒಂದು ಕಡತ ಇರಲಿ. ಎಷ್ಟು ಸೂಕ್ಷ್ಮವಾಗಿ ಒಡೆಯಬೇಕು ಎಂಬುದು ದತ್ತಾಂಶದ ಶಕ್ತಿಗೆ ಬಿಟ್ಟದ್ದು. ವರ್ಷಕ್ಕೆ ಹತ್ತು ಸಾವೂ ದಾಖಲಾಗದ ಕಾರಣವನ್ನು ಐದೈದು ವರ್ಷದ ಗುಂಪುಗಳಾಗಿ ಹರಿದು ಹಂಚಿದರೆ ಸಿಗುವುದು ಗದ್ದಲ ಮಾತ್ರ.

ಹಂತ 3: ಒಟ್ಟು ಸಾವುಗಳು ಎಷ್ಟು?

ಕಾರಣಗಳಿಗೆ ಕೈಹಾಕುವ ಮೊದಲು ಎಲ್ಲ ಕಾರಣಗಳ ಒಟ್ಟು ಸಾವನ್ನು ವಯಸ್ಸು ಮತ್ತು ಲಿಂಗವಾರು ನಿಗದಿ ಮಾಡಿ ಬೀಗ ಹಾಕಿಬಿಡಿ. ಮುಂದೆ ಬರುವ ಎಲ್ಲ ಕಾಯಿಲೆಗಳ ಸಾವುಗಳು ಈ ಮೊತ್ತದೊಳಗೇ ಕೂರಬೇಕು. ಪ್ರತಿ ರೋಗದ ತಜ್ಞರೂ ಪ್ರತ್ಯೇಕವಾಗಿ ಅಂದಾಜು ಮಾಡಿದಾಗ ಎಲ್ಲರ ಅಂದಾಜು ಸೇರಿ ನಿಜವಾಗಿ ಸತ್ತವರಿಗಿಂತ ಹೆಚ್ಚಾಗುವುದು ಈ ಕ್ಷೇತ್ರದ ಹಳೆಯ ಸಮಸ್ಯೆ. ಅದಕ್ಕೆ ಮದ್ದು ಈ ಬೀಗವೇ.

ಜನನ ಮರಣ ನೋಂದಣಿಯಲ್ಲಿ ಎಲ್ಲ ಸಾವುಗಳೂ ದಾಖಲಾಗಿವೆ ಎಂದು ನಂಬಿ ಹೊರಡಬೇಡಿ. ಉದಾಹರಣೆಗೆ, ದಾಖಲಾದ ಸಾವು 4,200, ಇತರ ಮೂಲಗಳಿಂದ ಸಿಕ್ಕ ನಿಜವಾದ ಅಂದಾಜು 6,000 ಎಂದಿಟ್ಟುಕೊಳ್ಳಿ. ನೋಂದಣಿಯ ಪೂರ್ಣತೆ ಶೇ 70, ದಾಖಲಾದ ಪ್ರತಿ ಸಾವನ್ನೂ 1.43ರಿಂದ ಗುಣಿಸಬೇಕು. ಆದರೆ ಎಲ್ಲ ವಯಸ್ಸಿಗೂ ಒಂದೇ ಗುಣಕ ಹಚ್ಚುವುದು ತಪ್ಪು. ನವಜಾತ ಶಿಶುಗಳ ಸಾವು ದೊಡ್ಡವರ ಸಾವಿಗಿಂತ ಹೆಚ್ಚಾಗಿ ನೋಂದಣಿ ತಪ್ಪಿಸಿಕೊಳ್ಳುತ್ತದೆ. ಮಕ್ಕಳ ಸಾವಿಗೆ, ತಾಯಂದಿರಿಂದ ಹೆರಿಗೆಯ ಪೂರ್ತಿ ಇತಿಹಾಸ ಕೇಳುವ ಮನೆಮನೆ ಸಮೀಕ್ಷೆಗಳು ಹೆಚ್ಚು ಭರವಸೆಯ ಮೂಲ. ದೊಡ್ಡವರ ಸಾವಿನ ಪೂರ್ಣತೆಯನ್ನು ಎರಡು ಜನಗಣತಿಗಳ ನಡುವಿನ ಬೆಳವಣಿಗೆಯೊಂದಿಗೆ ಹೋಲಿಸುವ ಜನಸಂಖ್ಯಾಶಾಸ್ತ್ರದ ವಿಧಾನಗಳಿಂದ ಅಳೆಯಬಹುದು. ಅವು ವಲಸೆ ಕಡಿಮೆ ಇದೆ ಎಂದು ಊಹಿಸುತ್ತವೆ. ದುಡಿಯಲು ಹೊರಗೆ ಹೋಗುವ ಯುವಕರು ಹೆಚ್ಚಿರುವಲ್ಲಿ ಅವುಗಳ ಉತ್ತರವನ್ನು ಹಾಗೆಯೇ ಒಪ್ಪಬೇಡಿ. ಎರಡು ಸ್ವತಂತ್ರ ಪಟ್ಟಿಗಳಿದ್ದರೆ, ಉದಾಹರಣೆಗೆ ನೋಂದಣಿ ಕಚೇರಿಯದೊಂದು, ಆರೋಗ್ಯ ಕಾರ್ಯಕರ್ತರದೊಂದು, ಎರಡರಲ್ಲೂ ಇರುವ ಹೆಸರುಗಳ ಪ್ರಮಾಣದಿಂದ ಎರಡರಲ್ಲೂ ಇಲ್ಲದವರನ್ನು ಅಂದಾಜು ಮಾಡಬಹುದು.

ಇನ್ನೆರಡು ಸಣ್ಣ ಎಚ್ಚರಿಕೆಗಳು. ದೊಡ್ಡ ಆಸ್ಪತ್ರೆಯಿರುವ ನಗರದಲ್ಲಿ ಸುತ್ತಲಿನ ಊರಿನವರೂ ಸಾಯುತ್ತಾರೆ, ಆದ್ದರಿಂದ ಸಾವು ಸಂಭವಿಸಿದ ಜಾಗವನ್ನಲ್ಲ, ಸತ್ತವರು ವಾಸವಿದ್ದ ಜಾಗವನ್ನು ಲೆಕ್ಕಕ್ಕೆ ಹಿಡಿಯಿರಿ. ವರ್ಷವೂ ಸಾವು ಸಂಭವಿಸಿದ್ದಾಗಿರಲಿ, ನೋಂದಾಯಿಸಿದ್ದಲ್ಲ.

ಹಂತ 4: ಸಾವಿನ ಕಾರಣ

ಇಲ್ಲಿ ತಾಳ್ಮೆ ಬೇಕು. ವೈದ್ಯಕೀಯ ಮರಣ ಪ್ರಮಾಣಪತ್ರದ ಮೊದಲ ಭಾಗದಲ್ಲಿ ಮೇಲಿನ ಸಾಲು ತಕ್ಷಣದ ಕಾರಣವನ್ನು ಹೇಳುತ್ತದೆ, ಕೆಳಕೆಳಗಿನ ಸಾಲುಗಳು ಅದಕ್ಕೆ ದಾರಿಮಾಡಿದ್ದನ್ನು ಹೇಳುತ್ತವೆ. ‘ರಕ್ತದ ನಂಜು’, ಅದರ ಕೆಳಗೆ ‘ಪಾದದ ಗ್ಯಾಂಗ್ರಿನ್’, ಅದರ ಕೆಳಗೆ ‘ಮಧುಮೇಹ’ ಎಂದಿದ್ದರೆ ಎಣಿಕೆಗೆ ಬರುವ ಮೂಲ ಕಾರಣ ಮಧುಮೇಹ. ಸಂಕೇತ ಹಾಕುವವರು ಮೇಲಿನ ಸಾಲನ್ನೇ ಎತ್ತಿಕೊಂಡರೆ ಊರಿನ ಮಧುಮೇಹವೆಲ್ಲ ನಂಜಾಗಿ ಕಾಣುತ್ತದೆ. ಆದ್ದರಿಂದ ಕಡತ ಕೈಗೆ ಬಂದ ಕೂಡಲೇ ಒಂದಷ್ಟು ಮೂಲ ಪ್ರಮಾಣಪತ್ರಗಳನ್ನು ಯಾದೃಚ್ಛಿಕವಾಗಿ ಆರಿಸಿ, ಹಾಕಿರುವ ಸಂಕೇತದೊಂದಿಗೆ ಹೋಲಿಸಿ ನೋಡಿ.

ಆಮೇಲೆ ಕೆಲಸಕ್ಕೆ ಬಾರದ ಸಂಕೇತಗಳನ್ನು ಹುಡುಕಿ. ಕ್ಷೇತ್ರದವರು ಇವನ್ನು ಗಾರ್ಬೇಜ್ ಕೋಡ್ ಎನ್ನುತ್ತಾರೆ. ಐಸಿಡಿ-10ರ ಆರ್ ಅಧ್ಯಾಯದ ಬಹುಪಾಲು ಇದೇ ಜಾತಿ: ಆರ್54 ಎಂದರೆ ಮುಪ್ಪು, ಆರ್99 ಎಂದರೆ ಕಾರಣ ತಿಳಿಯದು. ಐ46 ಹೃದಯ ಸ್ತಂಭನ, ಐ50 ಹೃದಯ ವೈಫಲ್ಯ, ಎ41 ನಂಜು, ಸಿ80 ಎಲ್ಲಿ ಹುಟ್ಟಿತೆಂದು ಗೊತ್ತಿಲ್ಲದ ಕ್ಯಾನ್ಸರ್, ವೈ10ರಿಂದ ವೈ34 ಉದ್ದೇಶ ತಿಳಿಯದ ಗಾಯಗಳು. ಸಾಯುವಾಗ ಎಲ್ಲರ ಹೃದಯವೂ ನಿಲ್ಲುತ್ತದೆ. ಅದು ಸಾವು ಸಂಭವಿಸಿದ ಬಗೆಯೇ ಹೊರತು ತಡೆಯಬಹುದಾದ ಕಾರಣವಲ್ಲ.

ಇವನ್ನು ಅಳಿಸಿಹಾಕಬಾರದು, ‘ಇತರೆ’ ಎಂದು ಮೂಲೆಗೆ ತಳ್ಳಲೂಬಾರದು. ನಿಜವಾದ ಕಾರಣಗಳಿಗೆ ಮರುಹಂಚಬೇಕು. ಆರ್ ಸಂಕೇತಗಳನ್ನು ಅದೇ ವಯಸ್ಸು ಮತ್ತು ಲಿಂಗದ ಉಳಿದೆಲ್ಲ ಕಾರಣಗಳಿಗೆ ಪ್ರಮಾಣಾನುಗುಣವಾಗಿ ಹಂಚುವುದು ಸರಳ ಆರಂಭ. ಗಾಯಗಳನ್ನು ಈ ಹಂಚಿಕೆಯಿಂದ ಹೊರಗಿಡುವವರೂ ಇದ್ದಾರೆ, ಏಕೆಂದರೆ ಅಪಘಾತದ ಸಾವನ್ನು ‘ಮುಪ್ಪು’ ಎಂದು ಬರೆಯುವ ಸಂಭವ ಕಡಿಮೆ. ಹೃದಯ ವೈಫಲ್ಯವನ್ನು ಹಾಗೆ ಹಂಚಲಾಗದು. ಅದು ಹೃದಯದ ರಕ್ತನಾಳ ರೋಗ, ಅಧಿಕ ರಕ್ತದೊತ್ತಡದ ಹೃದ್ರೋಗ, ಕವಾಟದ ರೋಗ, ದೀರ್ಘಕಾಲದ ಶ್ವಾಸಕೋಶ ರೋಗ ಇಂಥವುಗಳಿಗೇ ಹೋಗಬೇಕು. ಉದ್ದೇಶ ತಿಳಿಯದ ಗಾಯಗಳು ಆತ್ಮಹತ್ಯೆ, ಕೊಲೆ, ಅಪಘಾತಗಳ ನಡುವೆ ಹಂಚಿಕೆಯಾಗುತ್ತವೆ. ಆತ್ಮಹತ್ಯೆಯನ್ನು ಮುಚ್ಚಿಡುವ ಒತ್ತಡ ಸಮಾಜದಲ್ಲಿ ಇರುವುದರಿಂದ ಈ ಹಂಚಿಕೆಯನ್ನು ಲಘುವಾಗಿ ಮಾಡಬೇಡಿ. ಪ್ರತಿ ಹಂಚಿಕೆಯ ನಂತರವೂ ಒಟ್ಟು ಮೊತ್ತ ಬದಲಾಗಿಲ್ಲವೆಂದು ಪರೀಕ್ಷಿಸಿ. ಒಂದು ಸಾವು ಹೆಚ್ಚಾಗಿದ್ದರೂ ಎಲ್ಲೋ ಎರಡು ಬಾರಿ ಎಣಿಸಿದ್ದೀರಿ ಎಂದೇ ಅರ್ಥ.

ಆಸ್ಪತ್ರೆಯ ಹೊರಗೆ, ವೈದ್ಯರ ಪ್ರಮಾಣಪತ್ರವಿಲ್ಲದೆ ನಡೆದ ಸಾವುಗಳಿಗೆ ಮೌಖಿಕ ಶವಪರೀಕ್ಷೆ ಒಂದು ದಾರಿ. ತರಬೇತಿ ಪಡೆದವರು ಮನೆಯವರನ್ನು ಭೇಟಿಯಾಗಿ, ಸಾಯುವ ಮೊದಲಿನ ಲಕ್ಷಣಗಳನ್ನು ನಿಗದಿತ ಪ್ರಶ್ನಾವಳಿಯಂತೆ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಪ್ರಶ್ನಾವಳಿಯನ್ನೇ ಬಳಸಿ. ಉತ್ತರಗಳಿಂದ ಕಾರಣವನ್ನು ವೈದ್ಯರು ಓದಿ ನಿರ್ಧರಿಸಬಹುದು, ಇಂಟರ್‌ವಿಎ ಅಥವಾ ಇನ್‌ಸಿಲಿಕೋವಿಎ ತರಹದ ತಂತ್ರಾಂಶವೂ ನಿರ್ಧರಿಸಬಹುದು. ಅಪಘಾತ, ಹೆರಿಗೆಯ ಸಾವುಗಳನ್ನು ಈ ವಿಧಾನ ಚೆನ್ನಾಗಿ ಹಿಡಿಯುತ್ತದೆ. ವಯಸ್ಸಾದವರಲ್ಲಿ ಹೃದಯ, ಮೂತ್ರಪಿಂಡ, ಶ್ವಾಸಕೋಶದ ರೋಗಗಳನ್ನು ಬೇರ್ಪಡಿಸುವಾಗ ಎಡವುತ್ತದೆ. ದುಃಖದಲ್ಲಿರುವ ಮನೆಗೆ ಹೋಗುವ ಕೆಲಸವಿದು. ಸಾವಾದ ಮರುದಿನವೇ ಹೋಗಬಾರದು, ವರ್ಷಗಟ್ಟಲೆ ತಡಮಾಡಿದರೆ ನೆನಪು ಮಾಸುತ್ತದೆ.

ಹಂತ 5: ವೈಎಲ್‌ಎಲ್ ಲೆಕ್ಕ

ಪ್ರತಿ ವಯೋಗುಂಪಿನ ಸಾವುಗಳನ್ನು, ಆ ವಯಸ್ಸಿನಲ್ಲಿ ಇನ್ನೂ ಎಷ್ಟು ವರ್ಷ ಬದುಕಬಹುದಿತ್ತು ಎಂಬ ಆದರ್ಶ ಸಂಖ್ಯೆಯಿಂದ ಗುಣಿಸಿ, ಕೂಡಿಸಿ. ಆದರ್ಶ ಕೋಷ್ಟಕ ಎಲ್ಲರಿಗೂ ಒಂದೇ ಇರಬೇಕು. ಸ್ಥಳೀಯ ಆಯುಷ್ಯ ಕೋಷ್ಟಕ ಬಳಸಿದರೆ ಆಯುಷ್ಯ ಕಡಿಮೆ ಇರುವ ಬಡ ಪ್ರದೇಶದ ಸಾವಿಗೆ ಕಡಿಮೆ ವರ್ಷ ಸಿಗುತ್ತದೆ. ಅನ್ಯಾಯವನ್ನು ಅಳೆಯಬೇಕಾದ ಸಾಧನವೇ ಅನ್ಯಾಯವನ್ನು ಒಪ್ಪಿಕೊಂಡಂತಾಗುತ್ತದೆ. 1990ರ ಅಧ್ಯಯನದಲ್ಲಿ ಹುಟ್ಟಿನ ಹೊತ್ತಿನ ಆದರ್ಶ ಆಯುಷ್ಯ ಗಂಡಸರಿಗೆ 80, ಹೆಂಗಸರಿಗೆ 82.5 ವರ್ಷ ಇತ್ತು. 2010ರದರಲ್ಲಿ ಇಬ್ಬರಿಗೂ 86. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಆರೋಗ್ಯ ಅಂದಾಜುಗಳು ಬಳಸಿರುವ ಕೋಷ್ಟಕದಲ್ಲಿ ಸುಮಾರು 91.9.

ಲೆಕ್ಕ ಹೇಗೆ ನಡೆಯುತ್ತದೆ ನೋಡೋಣ. ಕೆಳಗಿನ ಪ್ರಕರಣಗಳು ಮತ್ತು ಸಾವುಗಳು ಉದಾಹರಣೆಗಾಗಿ ಇಟ್ಟುಕೊಂಡವು. 10 ಲಕ್ಷ ಜನಸಂಖ್ಯೆ, ಒಂದು ವರ್ಷ, ಅತಿಸಾರ ಭೇದಿಯಿಂದ 100 ಸಾವು. ಉಳಿದಿರಬಹುದಾಗಿದ್ದ ಆಯುಷ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಿಂದ ಸ್ಥೂಲವಾಗಿ ತೆಗೆದುಕೊಳ್ಳೋಣ.

1–4 ವಯಸ್ಸು (ಸಾವಿನ ಸರಾಸರಿ ವಯಸ್ಸು 2): 40 ಸಾವು × 90.0 = 3,600
60–64 ವಯಸ್ಸು (ಸರಾಸರಿ 62.5): 30 ಸಾವು × 30.3 = 909
80–84 ವಯಸ್ಸು (ಸರಾಸರಿ 82.5): 30 ಸಾವು × 12.5 = 375
ಒಟ್ಟು ವೈಎಲ್‌ಎಲ್ = 4,884

ಸಾವುಗಳಲ್ಲಿ ಶೇ 40ರಷ್ಟಿರುವ ಮಕ್ಕಳು ಕಳೆದ ವರ್ಷಗಳಲ್ಲಿ ಸುಮಾರು ಶೇ 74 ಹೊತ್ತಿದ್ದಾರೆ. ಸಾವಿನ ಎಣಿಕೆ ಮರೆಮಾಡಿದ್ದು ಇದನ್ನೇ.

ಇದೇ ಲೆಕ್ಕಕ್ಕೆ ಶೇ 3ರ ಇಳಿಕೆ ಹಚ್ಚಿದರೆ ಮಗುವಿನ 90 ವರ್ಷ ಸುಮಾರು 31.1ಕ್ಕೆ ಕುಸಿಯುತ್ತದೆ, 30.3 ವರ್ಷ 19.9 ಆಗುತ್ತದೆ, 12.5 ವರ್ಷ 10.4 ಆಗುತ್ತದೆ. ಒಟ್ಟು 2,153. ದತ್ತಾಂಶದಲ್ಲಿ ಒಂದಕ್ಷರವೂ ಬದಲಾಗದೆ ಹೊರೆ ಅರ್ಧಕ್ಕಿಂತ ಕೆಳಗಿಳಿಯಿತು. ಹಳೆಯ ವರದಿಯೊಂದನ್ನು ಹೊಸದರ ಪಕ್ಕಕ್ಕಿಟ್ಟು ‘ಹೊರೆ ದುಪ್ಪಟ್ಟಾಗಿದೆ’ ಎಂದು ಹೇಳುವ ಮೊದಲು ಎರಡರ ವಿಧಾನದ ಪುಟ ತೆರೆಯಬೇಕಾದ್ದು ಇದಕ್ಕೇ.

ಇಲ್ಲಿ ಪದೇ ಪದೇ ಕಾಣುವ ತಪ್ಪು: ಹುಟ್ಟಿನ ಹೊತ್ತಿನ ಆಯುಷ್ಯದಿಂದ ಸತ್ತ ವಯಸ್ಸನ್ನು ಕಳೆಯುವುದು. 91.9ರಿಂದ 82.5 ಕಳೆದರೆ 9.4 ಬರುತ್ತದೆ, ಸರಿಯಾದ ಸಂಖ್ಯೆ 12.5. 82 ದಾಟಿದವರು ಅಷ್ಟರಲ್ಲಾಗಲೇ ಬಾಲ್ಯದ, ನಡುವಯಸ್ಸಿನ ಅಪಾಯಗಳನ್ನು ದಾಟಿ ಬಂದಿರುವುದರಿಂದ ಅವರ ಮುಂದಿನ ಆಯುಷ್ಯ ಆ ವ್ಯವಕಲನಕ್ಕಿಂತ ಹೆಚ್ಚು. ಈ ತಪ್ಪು ವಿಧಾನದಲ್ಲಿ 95ರಲ್ಲಿ ಸತ್ತವರಿಗೆ ಋಣ ಸಂಖ್ಯೆಯೇ ಬಂದುಬಿಡುತ್ತದೆ.

ಹಂತ 6: ವೈಎಲ್‌ಡಿ, ಅಂದರೆ ಬದುಕಿರುವವರ ನರಳಿಕೆ

ಸೂತ್ರ: ಒಂದು ಹೊತ್ತಿನಲ್ಲಿ ಆ ಸ್ಥಿತಿಯಲ್ಲಿ ಇರುವವರ ಸರಾಸರಿ ಸಂಖ್ಯೆ × ತೂಕಾಂಕ. ತೂಕಾಂಕ ಎಂದರೆ ಆ ಸ್ಥಿತಿಯ ತೀವ್ರತೆಯ ಅಳತೆ, ಅದು ಸೊನ್ನೆಯಿಂದ ಒಂದರವರೆಗೆ ಇರುತ್ತದೆ. ಪೂರ್ಣ ಆರೋಗ್ಯ 0, ಸಾವಿಗೆ ಸಮನಾದ ಸ್ಥಿತಿ 1.

ಮೊದಲು ಎಣಿಕೆಯ ವಿಷಯ. ಆಸ್ಪತ್ರೆಯ ದಾಖಲೆ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದು ಅಪಾಯಕಾರಿ. ಅಲ್ಲಿ ಬಂದವರು ಮಾತ್ರ ಇರುತ್ತಾರೆ, ಒಬ್ಬರೇ ನಾಲ್ಕು ಸಲ ದಾಖಲಾದರೆ ನಾಲ್ಕು ಜನರಾಗುತ್ತಾರೆ. ಕ್ಯಾನ್ಸರ್‌ಗೆ ಜನಸಂಖ್ಯಾಧಾರಿತ ನೋಂದಣಿಗಳು, ಮಧುಮೇಹ ಮತ್ತು ರಕ್ತಹೀನತೆಗೆ ರಕ್ತ ಪರೀಕ್ಷಿಸುವ ಸಮೀಕ್ಷೆಗಳು, ಮಾನಸಿಕ ಕಾಯಿಲೆಗೆ ಪ್ರಮಾಣಿತ ಸಂದರ್ಶನ ನಡೆಸುವ ಸಮೀಕ್ಷೆಗಳು ಬೇಕು. ‘ನಿಮಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ?’ ಎಂಬ ಪ್ರಶ್ನೆಗೆ ಬರುವ ‘ಹೌದು’ಗಳು ಕಾಯಿಲೆ ಇರುವವರ ಸಂಖ್ಯೆಯಲ್ಲ, ಗೊತ್ತಾದವರ ಸಂಖ್ಯೆ. ವೈದ್ಯರು ಕಡಿಮೆ ಇರುವ ಕಡೆ ಕಾಯಿಲೆಯೂ ಕಡಿಮೆ ಎಂಬ ತಲೆಕೆಳಗಾದ ನಕ್ಷೆ ಹೀಗೆಯೇ ತಯಾರಾಗುವುದು.

ಅಂಕಿಯ ಕಾಲಾವಧಿ ನೋಡದೆ ಮುಂದೆ ಹೋಗಬೇಡಿ. ಇವತ್ತು ಇರುವವರು, ಕಳೆದ 12 ತಿಂಗಳಲ್ಲಿ ಒಮ್ಮೆಯಾದರೂ ಇದ್ದವರು, ಜೀವಮಾನದಲ್ಲಿ ಒಮ್ಮೆಯಾದರೂ ಇದ್ದವರು ಎಂಬುವು ಮೂರು ಬೇರೆ ಸಂಖ್ಯೆಗಳು. ವೈಎಲ್‌ಡಿಗೆ ಬೇಕಾದ್ದು ಮೊದಲನೆಯದು. ಹೊಸ ಪ್ರಕರಣಗಳ ಸಂಖ್ಯೆ ಮಾತ್ರ ಇದ್ದರೆ, ರೋಗದ ಪ್ರಮಾಣ ಹೆಚ್ಚು ಏರಿಳಿಯದ ಸ್ಥಿತಿಯಲ್ಲಿ ‘ಹೊಸ ಪ್ರಕರಣ × ಸರಾಸರಿ ಅವಧಿ (ವರ್ಷಗಳಲ್ಲಿ)’ ಇರುವ ಪ್ರಕರಣಗಳಿಗೆ ಹತ್ತಿರದ ಅಂದಾಜು ಕೊಡುತ್ತದೆ. ಇದು ಒಳ್ಳೆಯ ಪರೀಕ್ಷೆಯೂ ಹೌದು: ಮೂರು ಮೂಲಗಳಿಂದ ಬಂದ ಹೊಸ ಪ್ರಕರಣ, ಅವಧಿ, ಇರುವ ಪ್ರಕರಣಗಳ ಸಂಖ್ಯೆಗಳು ಪರಸ್ಪರ ಹೊಂದದಿದ್ದರೆ ಅವುಗಳಲ್ಲಿ ಒಂದಾದರೂ ತಪ್ಪು. ಈ ಹೊಂದಾಣಿಕೆಯನ್ನು ಸಾವು ಮತ್ತು ಗುಣವಾಗುವ ದರಗಳನ್ನೂ ಸೇರಿಸಿ ಮಾಡಲು ಡಿಸ್‌ಮಾಡ್ ಎಂಬ ತಂತ್ರಾಂಶವಿದೆ.

ಮೇಲಿನ ಅತಿಸಾರದ ಉದಾಹರಣೆಯನ್ನೇ ಮುಂದುವರಿಸೋಣ. ವರ್ಷಕ್ಕೆ 5 ಲಕ್ಷ ಪ್ರಕರಣ, ಸರಾಸರಿ 5 ದಿನ. ಶೇ 70 ಸೌಮ್ಯ, ಶೇ 25 ಮಧ್ಯಮ, ಶೇ 5 ತೀವ್ರ ಎಂದಿರಲಿ. 2013ರ ಜಾಗತಿಕ ಅಧ್ಯಯನದ ತೂಕಾಂಕಗಳು ಕ್ರಮವಾಗಿ 0.074, 0.188, 0.247.

ಸರಾಸರಿ ತೂಕಾಂಕ = 0.70 × 0.074 + 0.25 × 0.188 + 0.05 × 0.247 = 0.111
ಒಂದು ಹೊತ್ತಿನಲ್ಲಿ ಇರುವವರು = 5,00,000 × 5 ÷ 365 = 6,849
ವೈಎಲ್‌ಡಿ = 6,849 × 0.111 = ಸುಮಾರು 761
ಡ್ಯಾಲಿ = 4,884 + 761 = 5,645, ಅಂದರೆ ಲಕ್ಷ ಜನಕ್ಕೆ ಸುಮಾರು 565

ಅವಧಿಯಿಂದ ಗುಣಿಸುವುದನ್ನು ಮರೆತು 5 ಲಕ್ಷವನ್ನೇ ನೇರ ತೂಕಾಂಕಕ್ಕೆ ಹಚ್ಚಿದರೆ 55,000 ದಾಟುತ್ತದೆ, ಅಂದರೆ 73 ಪಟ್ಟು. ಮೈಗ್ರೇನ್‌ನಲ್ಲೂ ಇದೇ ಬಲೆ. ಅದರ 0.441 ತೂಕಾಂಕ ತಲೆನೋವು ಕಾಡುತ್ತಿರುವ ಹೊತ್ತಿಗೆ ಮಾತ್ರ ಸಲ್ಲುತ್ತದೆ. 1.4 ಲಕ್ಷ ಜನರಿಗೆ ಮೈಗ್ರೇನ್ ಇದ್ದು ಅವರ ಕಾಲದ ಶೇ 5 ನೋವಿನಲ್ಲಿ ಕಳೆಯುತ್ತದೆ ಎಂದಾದರೆ ವೈಎಲ್‌ಡಿ 1,40,000 × 0.05 × 0.441 = 3,087. ಒಬ್ಬರೂ ಸಾಯದ ಕಾಯಿಲೆಯೊಂದು ನೂರು ಜನರನ್ನು ಕೊಂದ ಕಾಯಿಲೆಯ ಅರ್ಧಕ್ಕಿಂತ ಹೆಚ್ಚು ಹೊರೆ ಹೊರಿಸಿದೆ.

ತೂಕಾಂಕಗಳು ಎಲ್ಲಿಂದ ಬಂದವು ಎಂಬುದು ಬಳಸುವವರಿಗೆ ತಿಳಿದಿರಬೇಕು. 2010ರ ಅಧ್ಯಯನಕ್ಕಾಗಿ ಬಾಂಗ್ಲಾದೇಶ, ಇಂಡೊನೇಷ್ಯಾ, ಪೆರು, ಟಾಂಜಾನಿಯಾ, ಅಮೆರಿಕಗಳ ಸಾಮಾನ್ಯ ಜನರನ್ನೂ ಅಂತರ್ಜಾಲದ ಮೂಲಕ ಇನ್ನಷ್ಟು ಜನರನ್ನೂ ಕೇಳಲಾಯಿತು. ಇಬ್ಬರು ವ್ಯಕ್ತಿಗಳ ಸ್ಥಿತಿಯನ್ನು ಸರಳ ಮಾತಿನಲ್ಲಿ ವಿವರಿಸಿ, ಯಾರು ಹೆಚ್ಚು ಆರೋಗ್ಯವಂತರು ಎಂಬ ಪ್ರಶ್ನೆ. ಸಾವಿರಾರು ಇಂಥ ಉತ್ತರಗಳಿಂದ 220 ಆರೋಗ್ಯ ಸ್ಥಿತಿಗಳ ತೂಕಾಂಕ ಹೊರಬಂತು. 2013ರ ಆವೃತ್ತಿಯಲ್ಲಿ ನಾಲ್ಕು ಯುರೋಪಿಯನ್ ದೇಶಗಳ ಉತ್ತರಗಳೂ ಸೇರಿ 235 ಸ್ಥಿತಿಗಳಾದವು. ಸ್ಕಿಜೋಫ್ರೇನಿಯಾದ ಉಲ್ಬಣ ಸ್ಥಿತಿ 0.778, ತೀವ್ರ ಖಿನ್ನತೆ 0.658, ಎಚ್‌ಐವಿ ಇಲ್ಲದ ಕ್ಷಯ 0.333, ತೀವ್ರ ರಕ್ತಹೀನತೆ 0.149. ಇವು ಆರೋಗ್ಯ ನಷ್ಟದ ಅಳತೆ. ಆ ಸ್ಥಿತಿಯಲ್ಲಿರುವ ಮನುಷ್ಯರ ಬೆಲೆಯ ಅಳತೆ ಖಂಡಿತ ಅಲ್ಲ. ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಓದುವವರಲ್ಲಿ ಆ ಸ್ಥಿತಿಯಲ್ಲಿರುವವರೂ ಇರುತ್ತಾರೆ.

ಬೇರೆ ಬೇರೆ ಆವೃತ್ತಿಯ ತೂಕಾಂಕಗಳನ್ನು ಬೆರೆಸಬೇಡಿ. ಅಂಧತ್ವಕ್ಕೆ 1990ರ ಅಧ್ಯಯನದಲ್ಲಿ 0.600 ಇತ್ತು, 2010ರಲ್ಲಿ 0.195, 2013ರಲ್ಲಿ 0.187. ಕೈಗೆ ಸಿಕ್ಕ ಕೋಷ್ಟಕಗಳಿಂದ ಒಂದೊಂದನ್ನು ಆರಿಸಿದರೆ ಕಾಯಿಲೆಗಳ ನಡುವಿನ ಹೋಲಿಕೆಯೇ ಕೆಟ್ಟುಹೋಗುತ್ತದೆ. ರೋಗದ ಹೆಸರಿಗೆ ತೂಕಾಂಕ ಹಚ್ಚುವುದೂ ಸರಿಯಲ್ಲ, ರೋಗ ಉಂಟುಮಾಡುವ ಸ್ಥಿತಿಗಳಿಗೆ ಹಚ್ಚಬೇಕು. ಪಾರ್ಶ್ವವಾಯುವಿನ ನಂತರದ ಸೌಮ್ಯ ಸ್ಥಿತಿಗೆ 0.019, ತೀವ್ರ ಸ್ಥಿತಿಗೆ 0.552: ನಡುವೆ ಸುಮಾರು 29 ಪಟ್ಟು ಅಂತರ. ಹಾಗಾಗಿ ರೋಗಿಗಳಲ್ಲಿ ಎಷ್ಟು ಜನ ಸೌಮ್ಯ, ಎಷ್ಟು ಜನ ತೀವ್ರ ಎಂಬ ಹಂಚಿಕೆ ಒಟ್ಟು ರೋಗಿಗಳ ಸಂಖ್ಯೆಯಷ್ಟೇ ನಿರ್ಣಾಯಕ. ಆಸ್ಪತ್ರೆಯಿಂದ ಪಡೆದ ಹಂಚಿಕೆಯಲ್ಲಿ ತೀವ್ರ ರೋಗಿಗಳೇ ತುಂಬಿರುತ್ತಾರೆಂಬುದನ್ನು ಮರೆಯಬೇಡಿ.

ಎರಡು ಬಾರಿ ಎಣಿಸುವ ಅಪಾಯ ಎರಡು ಕಡೆ ಇದೆ. ರಕ್ತಹೀನತೆ ಕಬ್ಬಿಣದ ಕೊರತೆ, ಮಲೇರಿಯಾ, ಕೊಕ್ಕೆಹುಳು, ಆನುವಂಶಿಕ ರಕ್ತದೋಷಗಳಿಂದಲೂ ಬರುತ್ತದೆ. ಪ್ರತಿಯೊಂದರ ಅಡಿಯಲ್ಲೂ ಬೇರೆಯಾಗಿ ಅಂದಾಜು ಮಾಡಬಾರದು. ಮೊದಲು ಒಟ್ಟು ರಕ್ತಹೀನರ ಸಂಖ್ಯೆ ನಿಗದಿಮಾಡಿ ಆಮೇಲೆ ಕಾರಣಗಳಿಗೆ ಹಂಚಬೇಕು. ಅಂಧತ್ವ, ಕಿವುಡುತನಕ್ಕೂ ಇದೇ ಕ್ರಮ. ಎರಡನೆಯದು, ಒಬ್ಬರಲ್ಲೇ ಎರಡು ಕಾಯಿಲೆ ಇರುವುದು. ತೀವ್ರ ರಕ್ತಹೀನತೆ (0.149) ಮತ್ತು ಮಧ್ಯಮ ಖಿನ್ನತೆ (0.396) ಎರಡೂ ಇರುವವರಿಗೆ ನೇರ ಕೂಡಿದರೆ 0.545. ಹೀಗೆ ಕೂಡುತ್ತಾ ಹೋದರೆ ನಾಲ್ಕೈದು ಕಾಯಿಲೆಯಿರುವ ವೃದ್ಧರು 1ನ್ನು ದಾಟಿ, ಬದುಕಿದ್ದೂ ಸತ್ತವರಿಗಿಂತ ಹೆಚ್ಚು ಕಳೆದುಕೊಂಡಂತಾಗುತ್ತದೆ. ಬದಲಿಗೆ ಉಳಿದ ಆರೋಗ್ಯವನ್ನು ಗುಣಿಸಿ: 1 − (0.851 × 0.604) = 0.486. ಈ ಮೊತ್ತವನ್ನು ಎರಡೂ ಕಾಯಿಲೆಗಳಿಗೆ ಅವುಗಳ ತೂಕಾಂಕದ ಪ್ರಮಾಣದಲ್ಲಿ ಹಂಚಿಕೊಡಿ. ಯುವಜನರಲ್ಲಿ ಇದರಿಂದ ಹೆಚ್ಚು ವ್ಯತ್ಯಾಸವಾಗದು, 65 ದಾಟಿದವರಲ್ಲಿ ಬಿಡುವಂತಿಲ್ಲ.

ಹಂತ 7: ದರ ಮತ್ತು ವಯೋಹೊಂದಾಣಿಕೆ

ಒಟ್ಟು ಡ್ಯಾಲಿ ಆರೋಗ್ಯ ಸೇವೆಯ ಯೋಜನೆಗೆ ಬೇಕು, ಏಕೆಂದರೆ ಹಾಸಿಗೆ, ಔಷಧ, ಸಿಬ್ಬಂದಿ ಲೆಕ್ಕವೆಲ್ಲ ನಿಜವಾದ ಸಂಖ್ಯೆಯ ಮೇಲೆಯೇ ನಿಲ್ಲುತ್ತದೆ. ಎರಡು ಪ್ರದೇಶ ಅಥವಾ ಎರಡು ಕಾಲವನ್ನು ಹೋಲಿಸಲು ಲಕ್ಷಕ್ಕೆ ಇಷ್ಟು ಎಂಬ ದರ ಬೇಕು, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಜನಸಂಖ್ಯೆಗೆ ಹೊಂದಿಸಿದ್ದು, ಅಂದರೆ ಎಲ್ಲ ಕಡೆಯೂ ವಯಸ್ಸಿನ ಹಂಚಿಕೆ ಒಂದೇ ಇದ್ದಿದ್ದರೆ ದರ ಎಷ್ಟಿರುತ್ತಿತ್ತು ಎಂಬುದು. ಹೃದ್ರೋಗದ ಒಟ್ಟು ಹೊರೆ ಏರುತ್ತಿದ್ದು ವಯೋಹೊಂದಾಣಿಕೆಯ ದರ ಇಳಿಯುತ್ತಿದ್ದರೆ ಎರಡೂ ಸತ್ಯ: ಪ್ರತಿ ವಯಸ್ಸಿನಲ್ಲೂ ಅಪಾಯ ತಗ್ಗಿದೆ, ಆದರೆ ವಯಸ್ಸಾದವರ ಸಂಖ್ಯೆ ಹೆಚ್ಚಿದೆ. ಒಂದನ್ನೇ ಪ್ರಕಟಿಸಿದರೆ ಅರ್ಧ ಸತ್ಯವಾಗುತ್ತದೆ.

ಹಂತ 8: ಅಪಾಯಕಾರಕಗಳ ಪಾಲು

ತಂಬಾಕು, ಅಧಿಕ ರಕ್ತದೊತ್ತಡ, ಮಲಿನ ಗಾಳಿಗಳು ಕಾಯಿಲೆಗಳ ಪಟ್ಟಿಯಲ್ಲಿ ಬರುವುದಿಲ್ಲ. ಅವು ಕಾಯಿಲೆಗಳ ಹಿಂದೆ ನಿಂತಿರುತ್ತವೆ. ಜನಸಂಖ್ಯೆಯ ಶೇ 30ರಷ್ಟು ಜನ ಒಂದು ಅಪಾಯಕ್ಕೆ ಒಡ್ಡಿಕೊಂಡಿದ್ದು, ಅವರಿಗೆ ರೋಗ ಬರುವ ಸಂಭವ ಉಳಿದವರಿಗಿಂತ 2 ಪಟ್ಟು ಇದ್ದರೆ, ಆ ಅಪಾಯದ ಪಾಲು 0.3 × (2 − 1) ÷ [0.3 × (2 − 1) + 1] = 0.23. ಆ ರೋಗದ ಡ್ಯಾಲಿಯನ್ನು ಇದರಿಂದ ಗುಣಿಸಿದರೆ ಅಪಾಯಕ್ಕೆ ಸಲ್ಲುವ ಹೊರೆ ಸಿಗುತ್ತದೆ. ಎರಡು ಅಪಾಯಗಳ ಪಾಲು 0.3 ಮತ್ತು 0.4 ಇದ್ದರೆ ಅವುಗಳ ಜಂಟಿ ಪಾಲು 0.7 ಅಲ್ಲ. ಅವು ಒಂದಕ್ಕೊಂದು ಸಂಬಂಧವಿಲ್ಲದವಾದರೆ 1 − (0.7 × 0.6) = 0.58. ಒಂದೇ ಸಾವನ್ನು ಎರಡು ದಾರಿಯಿಂದಲೂ ತಡೆಯಬಹುದಿತ್ತು ಎಂಬುದೇ ಇದರ ಅರ್ಥ. ಅಪಾಯಗಳ ಪಾಲನ್ನು ವೃತ್ತಾಕಾರದ ಚಿತ್ರದಲ್ಲಿ ತುಂಡು ಮಾಡಿ ತೋರಿಸುವುದು ಆದ್ದರಿಂದ ತಪ್ಪು.

ಹಂತ 9: ಅನಿಶ್ಚಿತತೆ ಮತ್ತು ಪ್ರಕಟಣೆ

ಪ್ರತಿ ಸಂಖ್ಯೆಗೂ ಒಂದು ವ್ಯಾಪ್ತಿ ಕೊಡಿ. ನೋಂದಣಿಯ ಪೂರ್ಣತೆ, ಮರುಹಂಚಿಕೆಯ ಪ್ರಮಾಣ, ಇರುವ ಪ್ರಕರಣಗಳು, ತೀವ್ರತೆಯ ಹಂಚಿಕೆ, ತೂಕಾಂಕ ಎಲ್ಲವನ್ನೂ ಅವುಗಳ ವ್ಯಾಪ್ತಿಯೊಳಗೆ ಯಾದೃಚ್ಛಿಕವಾಗಿ ಬದಲಿಸುತ್ತಾ ಇಡೀ ಲೆಕ್ಕವನ್ನು 1,000 ಸಲ ನಡೆಸಿ. ಉತ್ತರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೆಳಗಿನ ಶೇ 2.5 ಮತ್ತು ಮೇಲಿನ ಶೇ 2.5ನ್ನು ಬಿಟ್ಟು ಉಳಿದದ್ದೇ ವ್ಯಾಪ್ತಿ. ಮುಂದೆ ಕೂಡಬೇಕಾದ ಸಂಖ್ಯೆಗಳ ವ್ಯಾಪ್ತಿಯ ತುದಿಗಳನ್ನು ಕೂಡಬೇಡಿ. ಪ್ರತಿ ಸುತ್ತಿನಲ್ಲೂ ಕೂಡಿ, ಆಮೇಲೆ ತುದಿ ತೆಗೆಯಿರಿ. ಏಳನೆಯ ಮತ್ತು ಒಂಬತ್ತನೆಯ ಸ್ಥಾನದ ಕಾಯಿಲೆಗಳ ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದಿದ್ದರೆ ಅವುಗಳ ಕ್ರಮಾಂಕದ ಬಗ್ಗೆ ದೊಡ್ಡ ಮಾತು ಬೇಡ.

ಕ್ರಮಾಂಕದ ಪಟ್ಟಿ ಇನ್ನೊಂದು ರೀತಿಯಲ್ಲೂ ದಾರಿತಪ್ಪಿಸುತ್ತದೆ. ಕ್ಯಾನ್ಸರ್‌ಗಳನ್ನೆಲ್ಲ ಒಂದೇ ಹೆಸರಿನಡಿ ಇಟ್ಟರೆ ಅದು ಮೇಲಕ್ಕೇರುತ್ತದೆ, ಅಂಗವಾರು ಒಡೆದರೆ ಮೊದಲ ಹತ್ತರಲ್ಲಿ ಒಂದೂ ಉಳಿಯದಿರಬಹುದು. ಎಲ್ಲ ಕಾಯಿಲೆಗಳನ್ನೂ ಒಂದೇ ಮಟ್ಟದಲ್ಲಿ ಒಡೆದು ತೋರಿಸಿ. ಇನ್ನೂ ಮುಖ್ಯವಾದದ್ದು: ಪಟ್ಟಿಯ ತಳದಲ್ಲಿರುವ ದಡಾರ ಅಥವಾ ಪೋಲಿಯೊ ತಳದಲ್ಲಿರುವುದು ಲಸಿಕೆಯಿಂದ. ಹೊರೆ ಕಡಿಮೆ ಇದೆ ಎಂದು ಆ ಕಾರ್ಯಕ್ರಮದ ಹಣ ಕಡಿತ ಮಾಡಲು ನಿಮ್ಮ ಕೋಷ್ಟಕವನ್ನು ಯಾರಾದರೂ ಬಳಸಬಹುದು, ಆದ್ದರಿಂದ ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿ ಹಾಕಿ. ಡ್ಯಾಲಿ ಈಗ ಉಳಿದಿರುವ ಹೊರೆಯನ್ನು ಹೇಳುತ್ತದೆ. ತಪ್ಪಿಸಿದ ಹೊರೆ ಎಷ್ಟು, ಇನ್ನೊಂದು ವರ್ಷದ ಆರೋಗ್ಯ ಗಳಿಸಲು ತಗಲುವ ವೆಚ್ಚ ಎಷ್ಟು ಎಂಬುವು ಬೇರೆಯೇ ಲೆಕ್ಕಗಳು.

ವರದಿಯ ಜೊತೆಗೆ ಏನೇನು ಬಿಚ್ಚಿಡಬೇಕು ಎಂಬುದಕ್ಕೆ 2016ರಲ್ಲಿ ಪ್ರಕಟವಾದ ‘ಗ್ಯಾದರ್’ ಎಂಬ ಅಂತರರಾಷ್ಟ್ರೀಯ ಪರಿಶೀಲನಾ ಪಟ್ಟಿ ಇದೆ: ದತ್ತಾಂಶ ಮೂಲಗಳು, ಯಾವುದನ್ನು ಏಕೆ ಕೈಬಿಟ್ಟಿರಿ, ಯಾವ ತಿದ್ದುಪಡಿ ಮಾಡಿದಿರಿ, ಲೆಕ್ಕದ ಕೋಡ್ ಎಲ್ಲಿ ಸಿಗುತ್ತದೆ. ಕೋಷ್ಟಕದ ಪ್ರತಿ ಕೋಶದ ಹಿಂದೆ ನಿಜವಾದ ಎಣಿಕೆ ಇದೆಯೋ ಮಾದರಿಯ ಊಹೆ ಇದೆಯೋ ಎಂಬುದನ್ನು ಒಂದು ಗುರುತಿನಿಂದ ತೋರಿಸಿ, ಏಕೆಂದರೆ ಅಚ್ಚಾದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ತೂಕಾಂಕಗಳ ಆವೃತ್ತಿ, ಆಯುಷ್ಯ ಕೋಷ್ಟಕ, ಮರುಹಂಚಿಕೆಯ ನಿಯಮಗಳನ್ನು ದಿನಾಂಕದೊಂದಿಗೆ ಒಂದೇ ಕಡತದಲ್ಲಿ ಇಡಿ. ಮುಂದೆ ಇವುಗಳಲ್ಲಿ ಒಂದು ಬದಲಾದರೂ ಹೊಸ ವರ್ಷವನ್ನು ಮಾತ್ರ ಹೊಸ ವಿಧಾನದಲ್ಲಿ ಸೇರಿಸಬೇಡಿ. ಹಿಂದಿನ ಎಲ್ಲ ವರ್ಷಗಳನ್ನೂ ಮೂಲ ದತ್ತಾಂಶದಿಂದ ಮತ್ತೆ ಲೆಕ್ಕ ಹಾಕಿ, ಹಳೆಯ ಸಂಖ್ಯೆಗಳನ್ನು ‘ಹೋಲಿಕೆಗೆ ಬಳಸಬೇಡಿ’ ಎಂಬ ಗುರುತಿನೊಂದಿಗೆ ಉಳಿಸಿಕೊಳ್ಳಿ.